ಒಂದೇ ಮೂಗು, ಎರಡು ಡಬ್ಬಿ

ಆಗಸ್ಟ್ ತಿಂಗಳ ಮೂರನೇ ವಾರ. ಅಮೆರಿಕದ ಮಿನ್ನೆಸೋಟದಲ್ಲಿ ಮಗಳ ಮನೆ. ರಾತ್ರಿ ಎರಡು ಗಂಟೆಗೆ ಎದ್ದು ದಿಂಬಿಗೆ ಒರಗಿ ಕೂತಿದ್ದೆ. ಬಲಗಡೆಯ ಹೊಳ್ಳೆ ಪೂರ್ತಿ ಬಂದ್, ಎಡಗಡೆಯದು ಅರ್ಧ. ಬಾಯಿಂದ ಉಸಿರಾಡಿ ಆಡಿ ನಾಲಿಗೆ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಒಣಗಿತ್ತು. ಬೆಂಗಳೂರಿನಲ್ಲಾಗಿದ್ದರೆ ಕಾರಣ ಹುಡುಕುವ ಕೆಲಸವೇ ಇರುತ್ತಿರಲಿಲ್ಲ. ನಾಲ್ಕು ಮಳೆ ಬಿದ್ದು ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ಬಿಳಿ ಹೂ ಬಿಟ್ಟಿತೆಂದರೆ ನನ್ನ ಮೂಗಿಗೆ ಬೀಗ ಬಿತ್ತೆಂದೇ ಲೆಕ್ಕ. ಇಪ್ಪತ್ತು ವರ್ಷಗಳಿಂದ ಹಾಗೇ. ಆದರೆ ಇಷ್ಟು ಹಸಿರಾದ, ಕೆರೆಗಳ ಈ ನಾಡಿಗೆ ಆ ಗಿಡ ಎಲ್ಲಿಂದ ಬರಬೇಕು?

"ಕಾಂಗ್ರೆಸ್ ಗಿಡ ಇಲ್ಲಮ್ಮ ಇಲ್ಲಿ. ಅದರ ದಾಯಾದಿ ಇದೆ," ಅಂದಳು ಮಗಳು ಬೆಳಿಗ್ಗೆ. ಮನೆಯ ಹಿಂದಿನ ಕಾಲುದಾರಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಕ್ಯಾರೆಟ್ ಸೊಪ್ಪಿನಂತೆ ಸೀಳಿದ ಎಲೆ, ತುದಿಯಲ್ಲಿ ಹಸಿರು ತೆನೆಯಂಥ ಹೂಗೊಂಚಲು. ಹೆಸರು ರ‍್ಯಾಗ್‌ವೀಡ್. ಶಾಸ್ತ್ರೀಯ ಹೆಸರು ಅಂಬ್ರೋಸಿಯಾ. ಗ್ರೀಕರ ಈ ಪದ ನಮ್ಮ 'ಅಮೃತ'ಕ್ಕೆ ಭಾಷಾಮೂಲದಲ್ಲಿ ನೆಂಟ. ಒಂದೇ ಗಿಡ ಒಂದು ಋತುವಿನಲ್ಲಿ ನೂರು ಕೋಟಿಯವರೆಗೆ ಪರಾಗಕಣಗಳನ್ನು ಗಾಳಿಗೆ ಬಿಡಬಲ್ಲದು. ಆಗಸ್ಟ್ ನಡುವಿನಿಂದ ಮೊದಲ ಹಿಮ ಬೀಳುವವರೆಗೆ ಉತ್ತರ ಅಮೆರಿಕದ ಬಹುಭಾಗಕ್ಕೆ ಸೀನು ತರುವ ಗಿಡ ಇದೇ.

ಇದೂ ನಮ್ಮ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ ಕೂಡ ಒಂದೇ ಕುಟುಂಬದವು, ಸೂರ್ಯಕಾಂತಿಯ ಬಳಗ. ಎರಡರ ಪರಾಗದಲ್ಲಿರುವ ಪ್ರೋಟೀನುಗಳು ಎಷ್ಟು ಹೋಲುತ್ತವೆಂದರೆ ಒಂದಕ್ಕೆ ರೇಗಲು ಕಲಿತ ದೇಹ ಇನ್ನೊಂದನ್ನು ಕಂಡರೂ ರೇಗುತ್ತದೆ. ಇದನ್ನು ಪ್ರಯೋಗಾಲಯದಲ್ಲಿ ತೋರಿಸಿಕೊಟ್ಟವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಸಂಶೋಧಕರೂ ಇದ್ದಾರೆ. 1990ರ ದಶಕದ ಆರಂಭದ ಕೆಲಸ ಅದು. ಆಗಸ್ಟ್‌ನಲ್ಲಿ ಮೊದಲ ಬಾರಿ ಅಮೆರಿಕಕ್ಕೆ ಬಂದಿಳಿದ ಕನ್ನಡಿಗರು "ಹೊಸ ಊರಿನ ಹವಾ ಒಗ್ಗಲಿಲ್ಲ" ಎಂದುಕೊಳ್ಳುತ್ತಾರೆ. ಅವರಲ್ಲಿ ಕೆಲವರ ಮೂಗು ನಿಜವಾಗಿ ಹಳೆಯ ವೈರಿಯ ಗುರುತು ಹಿಡಿದಿರುತ್ತದೆ.

ಅಂದು ಸಂಜೆ ಔಷಧದಂಗಡಿಗೆ ಹೋದೆವು. ಅಲರ್ಜಿ ಸಾಮಾನಿಗೆಂದೇ ಒಂದು ಇಡೀ ಸಾಲು ಇತ್ತು. ಮಾತ್ರೆ, ಸ್ಪ್ರೇ, ಕಣ್ಣಿನ ಹನಿ, ಉಪ್ಪುನೀರಿನ ಪುಡಿ. ತಳದ ಅರೆಯಲ್ಲಿ ಮೂಗಿನ ಪಟ್ಟಿಗಳು, ಅಂದರೆ ಮೂಗಿನ ಏಣಿನ ಮೇಲೆ ಅಡ್ಡಲಾಗಿ ಅಂಟಿಸಿಕೊಳ್ಳುವ ನೇಸಲ್ ಸ್ಟ್ರಿಪ್. ಒಂದು ಡಬ್ಬಿಯ ಮೇಲೆ 'ಬ್ರೀದ್ ರೈಟ್' ಎಂಬ ಹೆಸರಾಂತ ಬ್ರಾಂಡು. ಪಕ್ಕದಲ್ಲೇ ಹೆಚ್ಚುಕಮ್ಮಿ ಅದೇ ಬಣ್ಣದ, ಅದೇ ಅಳತೆಯ ಇನ್ನೊಂದು ಡಬ್ಬಿ, ಅಂಗಡಿಯ ಸ್ವಂತ ಹೆಸರಿನದು. ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಬ್ರೀದ್ ರೈಟ್ ಜೊತೆ ಹೋಲಿಸಿ ನೋಡಿ' ಎಂಬ ಸಾಲು. ಬೆಲೆಯಲ್ಲಿ ಎದ್ದು ಕಾಣುವ ಅಂತರ. ವಾಲ್‌ಮಾರ್ಟ್‌ಗೆ ಹೋದರೆ 'ಇಕ್ವೇಟ್', ಟಾರ್ಗೆಟ್‌ನಲ್ಲಿ 'ಅಪ್ ಅಂಡ್ ಅಪ್', ಸಿವಿಎಸ್ ಮತ್ತು ವಾಲ್‌ಗ್ರೀನ್ಸ್‌ನಲ್ಲಿ ಅವುಗಳದೇ ಹೆಸರು. ಅಮೆರಿಕದ ದೊಡ್ಡ ಅಂಗಡಿಗಳಿಗೆಲ್ಲ ಹೀಗೊಂದು ಮನೆಹೆಸರಿನ ಸರಕು ಇರುತ್ತದೆ. ಅಂಗಡಿಯವರೇ ಅದನ್ನು ತಯಾರಿಸುವುದಿಲ್ಲ, ಯಾವುದೋ ಕಾರ್ಖಾನೆಯಿಂದ ಮಾಡಿಸಿ ತಮ್ಮ ಮುದ್ರೆ ಹಾಕಿಸುತ್ತಾರೆ.

"ಅಂಗಡಿದೇ ತಗೊಳಮ್ಮ, ಎರಡೂ ಒಂದೇ. ಸೆಟ್ರಿಜಿನ್ ನಾವು ಯಾವಾಗಲೂ ಅಂಗಡಿ ಬ್ರಾಂಡೇ ತರೋದು," ಅಂದಳು ಮಗಳು.

ಅವಳ ಮಾತಿನ ಅರ್ಧ ಪೂರ್ತಿ ಸರಿ. ಇನ್ನರ್ಧದ ಬಗ್ಗೆ ನನಗೆ ಅನುಮಾನ ಹುಟ್ಟಿತು. ಮುಂದಿನ ಕೆಲವು ವಾರ ಆ ಅನುಮಾನದ ಹಿಂದೆಯೇ ಓದು, ಪ್ರಯೋಗ ಎಲ್ಲ ನಡೆಯಿತು.

ಮಾತ್ರೆಯ ವಿಷಯ ಮೊದಲು ಮುಗಿಸುತ್ತೇನೆ. ಅಂಗಡಿ ಬ್ರಾಂಡಿನ ಸೆಟ್ರಿಜಿನ್ ಡಬ್ಬಿಯನ್ನು ತಿರುಗಿಸಿದರೆ 'ಸಕ್ರಿಯ ವಸ್ತು: ಸೆಟ್ರಿಜಿನ್ 10 ಮಿಲಿಗ್ರಾಂ' ಎಂದಿರುತ್ತದೆ. ಹೆಸರಾಂತ ಬ್ರಾಂಡಿನ ಡಬ್ಬಿಯಲ್ಲೂ ಅಷ್ಟೇ ಇರುತ್ತದೆ. ಜೆನೆರಿಕ್ ಔಷಧಕ್ಕೆ ಅನುಮತಿ ಕೊಡುವ ಮೊದಲು, ಅದು ರಕ್ತ ಸೇರುವ ವೇಗವೂ ಪ್ರಮಾಣವೂ ಮೂಲ ಔಷಧಕ್ಕೆ ಸಮ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಎಫ್‌ಡಿಎ ಪರೀಕ್ಷೆಯ ಸಾಕ್ಷ್ಯ ಕೇಳುತ್ತದೆ. ನಮ್ಮ ಜನೌಷಧಿ ಕೇಂದ್ರಗಳ ಹಿಂದಿರುವುದೂ ಇದೇ ತರ್ಕ. ಮಾತ್ರೆಯ ಬಣ್ಣ, ಹಿಟ್ಟು, ಮೇಲಿನ ಲೇಪ ಬೇರೆಯಾಗಬಹುದು. ಒಳಗಿನ ಅಣು ಅದೇ. ಅಣುವಿಗೆ ಬ್ರಾಂಡಿಲ್ಲ. ಆದ್ದರಿಂದ ಮಾತ್ರೆಯಲ್ಲಿ ಅಗ್ಗದ್ದನ್ನು ಕೊಂಡವರು ಏನನ್ನೂ ಕಳೆದುಕೊಳ್ಳುವುದಿಲ್ಲ.

ಪಟ್ಟಿಯ ಡಬ್ಬಿಯನ್ನು ತಿರುಗಿಸಿ ನೋಡಿದೆ. ಅಲ್ಲಿ ಮಿಲಿಗ್ರಾಂ ಇಲ್ಲ, ಏಕೆಂದರೆ ಔಷಧವೇ ಇಲ್ಲ. ಅದು ಔಷಧದ ಲೆಕ್ಕಕ್ಕೇ ಬರುವುದಿಲ್ಲ, ಎಫ್‌ಡಿಎ ಪ್ರಕಾರ ಅದೊಂದು ವೈದ್ಯಕೀಯ ಸಾಧನ. ಅದೂ ಮೊದಲನೇ ದರ್ಜೆಯದು, ಬ್ಯಾಂಡೇಜು ಮುಂತಾದ ಕಡಿಮೆ ಅಪಾಯದ ವಸ್ತುಗಳ ಸಾಲಿನದು. ಈ ದರ್ಜೆಯ ಮೂಗಿನ ಪಟ್ಟಿಯನ್ನು ಮಾರುಕಟ್ಟೆಗೆ ತರಲು ಇಂದು ಮುಂಚಿತ ಪರಿಶೀಲನೆ ಬೇಕಿಲ್ಲ. ಹೆಸರಾಂತ ಪಟ್ಟಿಯಷ್ಟೇ ಇದೂ ಮೂಗನ್ನು ಹಿಗ್ಗಿಸುತ್ತದೆ ಎಂದು ಅಂಗಡಿಯವರು ಯಾರ ಮುಂದೆಯೂ ರುಜುವಾತು ಮಾಡಬೇಕಿಲ್ಲ. 'ಹೋಲಿಸಿ ನೋಡಿ' ಎಂಬ ಒಂದೇ ಸಾಲು ಮಾತ್ರೆಯ ಡಬ್ಬಿಯ ಮೇಲೂ ಇದೆ, ಪಟ್ಟಿಯ ಡಬ್ಬಿಯ ಮೇಲೂ ಇದೆ. ಮಾತ್ರೆಯ ವಿಷಯದಲ್ಲಿ ಆ ಹೋಲಿಕೆಯನ್ನು ಯಾರೋ ಮಾಡಿ ಮುಗಿಸಿದ್ದಾರೆ. ಪಟ್ಟಿಯ ವಿಷಯದಲ್ಲಿ ಕೊಂಡವರೇ ಮಾಡಿಕೊಳ್ಳಬೇಕು. ಗ್ರಾಹಕರಿಗೆ ಇಷ್ಟು ಮುಖ್ಯವಾದ ವ್ಯತ್ಯಾಸವನ್ನು ಎರಡು ಡಬ್ಬಿಗಳ ಒಂದೇ ಥರದ ಮುದ್ರಣ ಮುಚ್ಚಿಬಿಡುತ್ತದೆ. ಇದು ನನಗೆ ನಿಜಕ್ಕೂ ಸರಿಕಾಣುವುದಿಲ್ಲ.

ನಾನು ಉಳಿದುಕೊಂಡಿದ್ದ ರಾಜ್ಯದಲ್ಲೇ ಈ ಪಟ್ಟಿ ಹುಟ್ಟಿತೆಂದು ತಿಳಿದದ್ದು ಅದರ ಬಗ್ಗೆ ಓದತೊಡಗಿದ ಮೇಲೆ. ಮಿನ್ನೆಸೋಟದ ಬ್ರೂಸ್ ಜಾನ್ಸನ್ ಎಂಬವರಿಗೆ ಅಲರ್ಜಿಯೂ ಇತ್ತು, ಮೂಗಿನ ನಡುಗೋಡೆಯೂ ಸೊಟ್ಟಗಿತ್ತು. ರಾತ್ರಿ ಉಸಿರಿಗೆ ಒದ್ದಾಡುತ್ತಿದ್ದ ಆತ, ಮೂಗಿನ ಒಳಗೆ ಏನನ್ನೂ ತೂರಿಸದೆ ಹೊರಗಿನಿಂದಲೇ ಅದರ ಗೋಡೆಗಳನ್ನು ಎತ್ತಿ ಹಿಡಿಯುವ ಉಪಾಯ ಕಂಡುಕೊಂಡರು. ಅದರ ಹಕ್ಕು ಪಡೆದದ್ದು ಸಿಎನ್‌ಎಸ್ ಎಂಬ ಸ್ಥಳೀಯ ಕಂಪನಿ. ನರರೋಗ ತಜ್ಞ ಡೇನಿಯಲ್ ಕೊಹೆನ್ ಕಟ್ಟಿದ ಈ ಕಂಪನಿ ಅದುವರೆಗೆ ನಿದ್ರೆಯ ತೊಂದರೆಗಳನ್ನು ಪತ್ತೆಮಾಡುವ ಯಂತ್ರಗಳನ್ನು ತಯಾರಿಸುತ್ತಿತ್ತು. 1993ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಆಗ ಅದು ಹೊಸ ವಸ್ತು, ಹಾಗಾಗಿ ಒಪ್ಪಿಗೆ ಬೇಕಿತ್ತು.

ಮಾರಾಟ ಹತ್ತಿಕೊಂಡದ್ದು ಮೈದಾನದಲ್ಲಿ. 1994ರ ಋತುವಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರರು ಇದನ್ನು ಹಚ್ಚಿಕೊಂಡು ಆಡತೊಡಗಿದರು. 1995ರ ಜನವರಿಯ ಸೂಪರ್ ಬೌಲ್ ಪಂದ್ಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಜೆರ್ರಿ ರೈಸ್ ಮೂಗಿನ ಮೇಲೆ ಪಟ್ಟಿ ಹಾಕಿಕೊಂಡೇ ಮೂರು ಟಚ್‌ಡೌನ್ ಹೊಡೆದರು. ಇಡೀ ದೇಶ ಟೀವಿಯಲ್ಲಿ ಅವರ ಮೂಗನ್ನು ನೋಡಿತು. 2006ರಲ್ಲಿ ಗ್ಲಾಕ್ಸೋಸ್ಮಿತ್‌ಕ್ಲೈನ್ ಸಿಎನ್‌ಎಸ್ ಕಂಪನಿಯನ್ನು ಸುಮಾರು 56.6 ಕೋಟಿ ಡಾಲರಿಗೆ ಕೊಂಡಿತು. ಆಮೇಲೆ ಬ್ರಾಂಡು ಮತ್ತೊಂದು ಕೈಗೆ ದಾಟಿದೆ. ಹೆಸರಾಂತ ಡಬ್ಬಿಗೆ ತೆರುವ ಹೆಚ್ಚಿನ ಹಣದಲ್ಲಿ ಈ ಚರಿತ್ರೆಗೂ ಜಾಹೀರಾತಿಗೂ ಒಂದು ಪಾಲು ಇದ್ದೇ ಇರುತ್ತದೆ.

ಕುದುರೆಯ ಕತೆಯೊಂದನ್ನು ಬಿಡಲು ಮನಸ್ಸಾಗುತ್ತಿಲ್ಲ. ಕುದುರೆ ಮೂಗಿನಿಂದ ಮಾತ್ರ ಉಸಿರಾಡುವ ಪ್ರಾಣಿ, ಬಾಯಿಂದ ಅದಕ್ಕಾಗದು. ಅದಕ್ಕೂ ಇಂಥ ಪಟ್ಟಿ ಇದೆ. 2014ರಲ್ಲಿ ಕ್ಯಾಲಿಫೋರ್ನಿಯಾ ಕ್ರೋಮ್ ಎಂಬ ಕುದುರೆ ಪಟ್ಟಿ ಕಟ್ಟಿಕೊಂಡು ಕೆಂಟಕಿ ಡರ್ಬಿ, ಪ್ರೀಕ್‌ನೆಸ್ ಎಂಬ ಎರಡು ದೊಡ್ಡ ಓಟಗಳನ್ನು ಗೆದ್ದಿತು. ಆ ಸಾಲಿನ ಮೂರನೆಯದಾದ ಬೆಲ್‌ಮಾಂಟ್ ಓಟ ನಡೆಯುವ ನ್ಯೂಯಾರ್ಕಿನಲ್ಲಿ ಪಟ್ಟಿಗೆ ಅವಕಾಶವಿರಲಿಲ್ಲ. ದೊಡ್ಡ ಚರ್ಚೆಯಾಗಿ ಕೊನೆಗೆ ಅಧಿಕಾರಿಗಳು ಒಪ್ಪಿದರು. ಪಟ್ಟಿ ಇತ್ತು, ಆದರೆ ಆ ಓಟವನ್ನು ಕುದುರೆ ಗೆಲ್ಲಲಿಲ್ಲ.

ಇಷ್ಟಕ್ಕೂ ಪಟ್ಟಿ ಮಾಡುವುದೇನು? ಬಟ್ಟೆಯಂಥ ಪದರ, ಅದರೊಳಗೆ ಒಂದೋ ಎರಡೋ ತೆಳುವಾದ ಪ್ಲಾಸ್ಟಿಕ್ ಪಟ್ಟೆ, ಅಡಿಯಲ್ಲಿ ಅಂಟು. ಮೂಗಿನ ಮೇಲೆ ಬಗ್ಗಿಸಿ ಅಂಟಿಸಿದಾಗ ಪ್ಲಾಸ್ಟಿಕ್ ಪಟ್ಟೆ ಮತ್ತೆ ನೆಟ್ಟಗಾಗಲು ಹವಣಿಸುತ್ತದೆ, ಹಾಗೆ ಹವಣಿಸುತ್ತ ಮೂಗಿನ ಎರಡೂ ಪಕ್ಕವನ್ನು ಹೊರಕ್ಕೆ ಎಳೆಯುತ್ತದೆ. ಎಳೆತ ಬೀಳುವ ಜಾಗವೇ ಇಲ್ಲಿ ಮುಖ್ಯ. ಹೊಳ್ಳೆಯಿಂದ ಸ್ವಲ್ಪ ಒಳಗೆ, ನಡುಗೋಡೆಗೂ ಪಕ್ಕದ ಮೆದುಮೂಳೆಗೂ ಮಧ್ಯೆ ಒಂದು ಕಿರಿದಾದ ಸಂದಿಯಿದೆ, ಆ ಕೋನ ಬರೀ 10ರಿಂದ 15 ಡಿಗ್ರಿ. ವೈದ್ಯರು ಅದನ್ನು ಮೂಗಿನ ಕವಾಟ ಎನ್ನುತ್ತಾರೆ. ಹೊಳ್ಳೆಯಿಂದ ಶ್ವಾಸಕೋಶದವರೆಗಿನ ದಾರಿಯಲ್ಲಿ ಗಾಳಿಗೆ ಎದುರಾಗುವ ಒಟ್ಟು ತಡೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮೂಗಿನಲ್ಲೇ ಇದೆ, ಅದರಲ್ಲೂ ಈ ಸಂದಿಯಲ್ಲೇ ಹೆಚ್ಚು. ಜೋರಾಗಿ ಉಸಿರೆಳೆದರೆ ಒಳಗಿನ ಒತ್ತಡ ತಗ್ಗಿ ಮೆದುವಾದ ಪಕ್ಕಗಳು ಇನ್ನಷ್ಟು ಒಳಕ್ಕೆ ಕುಸಿಯುತ್ತವೆ. ತೆಳುವಾದ ಪೇಪರ್ ಸ್ಟ್ರಾದಲ್ಲಿ ಗಟ್ಟಿ ಲಸ್ಸಿ ಎಳೆಯುವಾಗ ಸ್ಟ್ರಾ ಚಪ್ಪಟೆಯಾಗುತ್ತದಲ್ಲ, ಹಾಗೆ.

ಕಿರಿದಾದ ಕೊಳವೆಯನ್ನು ಕೂದಲೆಳೆಯಷ್ಟು ಅಗಲ ಮಾಡಿದರೂ ಲಾಭ ದೊಡ್ಡದು. ಸಮನಾಗಿ ಹರಿಯುವ ಗಾಳಿಗೆ ನೇರ ಕೊಳವೆಯಲ್ಲಿ ಅನ್ವಯವಾಗುವ ನಿಯಮದಂತೆ ತ್ರಿಜ್ಯ ಶೇಕಡಾ 10 ಹೆಚ್ಚಾದರೆ ಹರಿವು ಶೇಕಡಾ 46 ಹೆಚ್ಚುತ್ತದೆ. ನಮ್ಮ ಮೂಗು ನೇರ ಕೊಳವೆಯಲ್ಲ, ಲೆಕ್ಕ ಹಾಗೇ ಕೂಡುವುದಿಲ್ಲ. ಆದರೂ ಪಟ್ಟಿ ಹಾಕಿದ ಕ್ಷಣದಲ್ಲೇ 'ಹಾ, ಗಾಳಿ ಬಂತು' ಅನ್ನಿಸುವುದರ ಗುಟ್ಟು ಇಲ್ಲಿದೆ.

ಪಟ್ಟಿ ನಿಮಗೆ ಒದಗುತ್ತದೆಯೇ ಎಂದು ಕಾಸು ಖರ್ಚಿಲ್ಲದೆ ತಿಳಿಯಬಹುದು. ಎರಡು ಬೆರಳನ್ನು ಕೆನ್ನೆಯ ಮೇಲೆ, ಮೂಗಿನ ಪಕ್ಕದಲ್ಲಿಟ್ಟು ಚರ್ಮವನ್ನು ಕಿವಿಯ ಕಡೆಗೆ ಮೆಲ್ಲಗೆ ಎಳೆದು ಮೂಗಿನಿಂದ ಉಸಿರಾಡಿ. ಸಲೀಸಾಯಿತೇ? ಹಾಗಾದರೆ ನಿಮ್ಮ ತೊಡಕು ಕವಾಟದ ಹತ್ತಿರವೇ ಇದೆ, ಪಟ್ಟಿ ನೆರವಾಗುವ ಸಾಧ್ಯತೆ ಹೆಚ್ಚು. ಮೂಗು ಕಿವಿ ಗಂಟಲು ವೈದ್ಯರು ಇದನ್ನು ಕಾಟಲ್ ಪರೀಕ್ಷೆ ಎನ್ನುತ್ತಾರೆ. ಏನೂ ವ್ಯತ್ಯಾಸ ಕಾಣದಿದ್ದರೆ ಯಾವ ಬ್ರಾಂಡಿನ ಡಬ್ಬಿಗೂ ಕೈಹಾಕಬೇಡಿ ಎಂಬುದೇ ನನ್ನ ಸಲಹೆ.

ಅಲರ್ಜಿಯ ಮೂಗಿಗೆ ಈ ವಿಷಯ ಇನ್ನೂ ಮುಖ್ಯ. ಎರಡೂ ಡಬ್ಬಿಗಳ ಮೇಲೆ ಅಲರ್ಜಿ ಎಂಬ ಪದವಿದೆ. ಓದಿದವರಿಗೆ ಇದು ಅಲರ್ಜಿಗೆ ಮದ್ದು ಅನ್ನಿಸಿದರೆ ಆಶ್ಚರ್ಯವಿಲ್ಲ. ಪರಾಗ ಮೂಗಿನ ಒಳಪೊರೆಗೆ ತಾಗಿದಾಗ ಅಲ್ಲಿ ಕಾದು ಕೂತ ಮಾಸ್ಟ್ ಕೋಶಗಳು ಹಿಸ್ಟಮಿನ್ ಮುಂತಾದವನ್ನು ಚೆಲ್ಲುತ್ತವೆ. ಅದರಿಂದ ತುರಿಕೆ, ಸೀನು, ಧಾರಾಕಾರ ನೀರು. ಗಂಟೆಗಳ ನಂತರ ಒಳಗಿನ ಟರ್ಬಿನೇಟ್‌ಗಳು, ಅಂದರೆ ಗಾಳಿಯನ್ನು ಬೆಚ್ಚಗೆ ಮಾಡುವ ಮೆತ್ತನೆಯ ಮಡಿಕೆಗಳು, ರಕ್ತ ತುಂಬಿಕೊಂಡು ಊದುತ್ತವೆ. ಆಗ ಮೂಗು ಕಟ್ಟುತ್ತದೆ. ಪಟ್ಟಿ ಹಿಸ್ಟಮಿನ್ ಅನ್ನು ಮುಟ್ಟುವುದೂ ಇಲ್ಲ, ಊತವನ್ನು ಇಳಿಸುವುದೂ ಇಲ್ಲ, ಸೀನನ್ನು ನಿಲ್ಲಿಸುವುದೂ ಇಲ್ಲ. ಕೆಳಗಿನ ಟರ್ಬಿನೇಟಿನ ಮೂತಿ ಕವಾಟದ ಹತ್ತಿರಕ್ಕೇ ಚಾಚಿರುತ್ತದೆ. ಅದು ಊದಿದಾಗ ಮೊದಲೇ ಕಿರಿದಾದ ಸಂದಿ ಇನ್ನೂ ಇಕ್ಕಟ್ಟಾಗುತ್ತದೆ, ಪಟ್ಟಿ ಪಕ್ಕದ ಗೋಡೆಯನ್ನು ಹೊರಗೆಳೆದು ತುಸು ಜಾಗ ಮಾಡಿಕೊಡುತ್ತದೆ. ಬಸ್ಸಿನಲ್ಲಿ ನೂಕುನುಗ್ಗಲಿದ್ದಾಗ ಯಾರೋ ಒಬ್ಬರು ಸರಿದು ಕೂತ ಹಾಗೆ. ಊತ ಇನ್ನೂ ಹಿಂದೆ, ಆಳದಲ್ಲಿದ್ದರೆ ಅಷ್ಟು ಜಾಗವೂ ಸಿಗದು.

ನನ್ನ ಕಾಟಲ್ ಪರೀಕ್ಷೆಯಲ್ಲಿ ಎಡಗಡೆ ಚೆನ್ನಾಗಿ ತೆರೆಯಿತು, ಬಲಗಡೆ ಅಲ್ಪಸ್ವಲ್ಪ. ಎರಡೂ ಡಬ್ಬಿ ಕೊಂಡುಕೊಂಡೆವು.

ಒಂದು ರಾತ್ರಿ ಇದು, ಮಾರನೇ ರಾತ್ರಿ ಅದು. ಯಾವುದನ್ನು ಹಚ್ಚುತ್ತಿದ್ದೇನೆಂದು ನನಗೆ ಗೊತ್ತಿದ್ದರೆ ಮನಸ್ಸು ಮೋಸ ಮಾಡುತ್ತದೆಂದು ಮಗಳೇ ಕಣ್ಮುಚ್ಚಿಸಿ ಹಚ್ಚುತ್ತಿದ್ದಳು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತನ್ನದೇ ಗುರುತು ಹಾಕುತ್ತಿದ್ದಳು. ಬೆಳಿಗ್ಗೆ ಎದ್ದು ನಾನು ಮೂರೇ ಪ್ರಶ್ನೆಗೆ ಉತ್ತರ ಹೇಳಬೇಕು: ರಾತ್ರಿ ಎಷ್ಟು ಸಲ ಎದ್ದೆ, ಬಾಯಿ ಒಣಗಿತ್ತೇ, ಪಟ್ಟಿ ಇನ್ನೂ ಮೂಗಿನ ಮೇಲಿದೆಯೇ. ಒಂದೆರಡು ರಾತ್ರಿಯ ಅನುಭವವನ್ನು ನಂಬುವ ಹಾಗಿಲ್ಲ. ಆರೋಗ್ಯವಂತರ ಮೂಗಿನಲ್ಲೂ ಎಡ ಬಲ ಹೊಳ್ಳೆಗಳು ಕೆಲವು ಗಂಟೆಗೊಮ್ಮೆ ಸರದಿಯಂತೆ ಕಟ್ಟಿ ಬಿಡುತ್ತವೆ. ಜರ್ಮನಿಯ ವೈದ್ಯ ರಿಚರ್ಡ್ ಕೇಸರ್ 1895ರಲ್ಲಿ ಈ ಚಕ್ರವನ್ನು ವಿವರಿಸಿದರು. ನಮ್ಮ ಸ್ವರಶಾಸ್ತ್ರದವರು ಇಡಾ, ಪಿಂಗಳಾ ಎಂದು ಈ ಸರದಿಯನ್ನು ಬಹು ಹಿಂದೆಯೇ ಗುರುತಿಸಿದ್ದರು. ಅದರ ಮೇಲೆ ಪರಾಗದ ಪ್ರಮಾಣ ದಿನದಿಂದ ದಿನಕ್ಕೆ ಬೇರೆ. ಗಾಳಿಯ ಒಣದಿನ ಹೆಚ್ಚು, ಮಳೆ ತೊಳೆದ ದಿನ ಕಡಿಮೆ.

ಎರಡು ವಾರ ಕಳೆದಾಗ ಕಂಡದ್ದು ಇಷ್ಟು. ಹಚ್ಚಿದ ಮೊದಲ ಗಂಟೆಯಲ್ಲಿ ನನಗೆ ಎರಡರ ನಡುವೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಎಳೆತ ಅಷ್ಟೇ, ಗಾಳಿ ಅಷ್ಟೇ. ವ್ಯತ್ಯಾಸ ತೋರಿದ್ದು ಬೆಳಗಿನ ಜಾವ. ಅಂಗಡಿ ಬ್ರಾಂಡಿನ ಪಟ್ಟಿಯ ಒಂದು ತುದಿ ಕೆಲವು ರಾತ್ರಿ ಎದ್ದು ಬಂದಿತ್ತು. ತುದಿ ಬಿಟ್ಟ ಪಟ್ಟಿಯಿಂದ ಏನೂ ಪ್ರಯೋಜನವಿಲ್ಲ, ಪಟ್ಟೆಯ ಬಲವನ್ನು ಚರ್ಮಕ್ಕೆ ದಾಟಿಸುವುದೇ ಅಂಟು. ಆದರೆ ಅವೆಲ್ಲ ನಾನು ತಲೆಗೆ ಕೊಬ್ಬರಿ ಎಣ್ಣೆ ಹಾಕಿಕೊಂಡ ರಾತ್ರಿಗಳೆಂದು ಆಮೇಲೆ ಹೊಳೆಯಿತು. ಮುಖವನ್ನು ಸೋಪಿನಿಂದ ತೊಳೆದು, ಟವೆಲ್ಲಿನಿಂದ ಒತ್ತಿ ಒರೆಸಿ, ಕ್ರೀಮು ಸೋಕಿಸದೆ ಹಚ್ಚಿ, ಬೆರಳಿನಿಂದ ಅರ್ಧ ನಿಮಿಷ ತಿಕ್ಕಿ ಕೂರಿಸಿದ ರಾತ್ರಿಗಳಲ್ಲಿ ಎರಡೂ ಪಟ್ಟಿ ಬೆಳಗಿನವರೆಗೆ ನಿಂತವು. ಹೆಸರಾಂತ ಪಟ್ಟಿ ಎಣ್ಣೆಯ ರಾತ್ರಿಯಲ್ಲೂ ತುಸು ಹೆಚ್ಚು ತಡೆದುಕೊಂಡಿತ್ತು. ಅಷ್ಟು ಮಾತು ಅದಕ್ಕೆ ಸಲ್ಲಬೇಕು.

ಇಷ್ಟರಲ್ಲಿ ಬೇರೊಂದು ಅಂಗಡಿಯ ಸ್ವಂತ ಬ್ರಾಂಡಿನ ಡಬ್ಬಿಯೂ ಮನೆಗೆ ಬಂತು. ಅದರ ಅಂಟು ವಿಪರೀತ. ಬೆಳಿಗ್ಗೆ ಕಿತ್ತಾಗ ಚರ್ಮ ಕೆಂಪಗೆ ಉರಿಯಿತು, ಎರಡು ದಿನ ಕನ್ನಡಕ ಇಟ್ಟುಕೊಳ್ಳಲಾಗಲಿಲ್ಲ. 'ಅಂಗಡಿ ಬ್ರಾಂಡು' ಎಂಬುದು ಒಂದೇ ವಸ್ತುವಲ್ಲ ಎಂದು ಅರ್ಥವಾದದ್ದು ಆಗ. ಒಂದೊಂದು ಅಂಗಡಿಗೆ ಒಂದೊಂದು ಕಾರ್ಖಾನೆ ಇರಬಹುದು. ಅದೇ ಅಂಗಡಿ ಮುಂದಿನ ವರ್ಷ ಬೇರೆ ಕಾರ್ಖಾನೆಯಿಂದ ತರಿಸಿದರೆ ಡಬ್ಬಿಯ ಮುಖ ಹಾಗೇ ಇದ್ದು ಒಳಗಿನದು ಬದಲಾಗಿರಬಹುದು. ಹೆಸರಾಂತ ಬ್ರಾಂಡು ನಿಜವಾಗಿ ಮಾರುವುದು ಕಳೆದ ಡಬ್ಬಿಯಂಥದ್ದೇ ಮುಂದಿನ ಡಬ್ಬಿ ಎಂಬ ಭರವಸೆಯನ್ನು. ಅಂಟಿಗೆ ಚರ್ಮ ಬೇಗ ಕೆರಳುವವರಿಗೆ ಆ ಭರವಸೆಗೆ ಹಣ ಕೊಡುವುದು ದುಂದಲ್ಲ. ಉಳಿದವರು ಒಗ್ಗಿದ ಅಂಗಡಿ ಪಟ್ಟಿಯನ್ನೇ ಹಿಡಿದುಕೊಳ್ಳಬಹುದು.

ದುಡ್ಡಿನ ಲೆಕ್ಕವನ್ನು ಡಬ್ಬಿಗಿಂತ ಪಟ್ಟಿಗೆ ಹಾಕಬೇಕು. ಅಮೆರಿಕದ ಬಹಳ ಅಂಗಡಿಗಳಲ್ಲಿ ಅರೆಯಂಚಿನ ಬೆಲೆಚೀಟಿಯಲ್ಲಿ, ಒಂದಕ್ಕೆ ಎಷ್ಟು ಬೀಳುತ್ತದೆಂದು ಸಣ್ಣದಾಗಿ ಬರೆದಿರುತ್ತದೆ. ದೊಡ್ಡ ಬೆಲೆಯನ್ನು ಬಿಟ್ಟು ಅದನ್ನು ಓದಿ. ರ‍್ಯಾಗ್‌ವೀಡ್ ಕಾಲ ಆರೇಳು ವಾರ, ರಾತ್ರಿಗೊಂದರಂತೆ ನಲವತ್ತೈದರ ಹತ್ತಿರ ಪಟ್ಟಿ ಬೇಕು. ಪ್ರತಿ ಪಟ್ಟಿಗೆ ಕೆಲವೇ ಸೆಂಟು ಉಳಿದರೂ ಇಷ್ಟು ರಾತ್ರಿಗೆ ಅದು ಗಣನೀಯ. ಆದರೆ ಅಗ್ಗದ್ದು ಮಧ್ಯರಾತ್ರಿ ಕಳಚಿ ಇನ್ನೊಂದನ್ನು ಹಚ್ಚಬೇಕಾಗಿ ಬಂದರೆ ಉಳಿತಾಯ ಅಲ್ಲಿಗೇ ಮುಗಿಯಿತು. ಹಾಗಾಗಿ ಮೊದಲು ಸಣ್ಣ ಡಬ್ಬಿ ಕೊಂಡು ಒಂದು ವಾರ ನೋಡಿ. ಅಳತೆಯನ್ನೂ ಗಮನಿಸಿ. ಚಿಕ್ಕ ಮೂಗಿಗೆ ದೊಡ್ಡ ಪಟ್ಟಿ ಹಚ್ಚಿದರೆ ತುದಿ ಕೆನ್ನೆಗೆ ತಾಗಿ ನಕ್ಕಾಗೆಲ್ಲ ಬಿಡುತ್ತದೆ. ಪಟ್ಟಿ ಕೂರಬೇಕಾದದ್ದು ಏಣಿನ ಮಧ್ಯಕ್ಕಿಂತ ತುಸು ಕೆಳಗೆ, ಹೊಳ್ಳೆ ಉಬ್ಬುವ ಜಾಗದ ಮೇಲ್ಗಡೆ. ಕನ್ನಡಕ ಕೂರುವ ಮೇಲ್ಭಾಗದಲ್ಲಿ ಗಟ್ಟಿ ಮೂಳೆಯಿದೆ. ಅಲ್ಲಿ ಎಷ್ಟು ದುಬಾರಿ ಪಟ್ಟಿ ಹಚ್ಚಿದರೂ ಮೂಳೆ ಅಲುಗದು. ನನ್ನ ಅಳಿಯ ಮೂರು ವರ್ಷದಿಂದ ಅಲ್ಲೇ ಹಚ್ಚಿಕೊಂಡು 'ಇದು ಕೆಲಸಕ್ಕೆ ಬಾರದ್ದು' ಎನ್ನುತ್ತಿದ್ದ.

ಪುದೀನ ಪರಿಮಳದ ಪಟ್ಟಿಗಳೂ ಎರಡೂ ಬಗೆಯ ಬ್ರಾಂಡಿನಲ್ಲಿ ಸಿಗುತ್ತವೆ. ಹಚ್ಚಿದೊಡನೆ ಮೂಗು ತಣ್ಣಗೆ ತೆರೆದುಕೊಂಡಂತೆ ಅನ್ನಿಸುತ್ತದೆ. ಮೆಂಥಾಲ್ ಮೂಗಿನ ಚಳಿ ತಿಳಿಸುವ ನರತುದಿಗಳನ್ನು ಕೆಣಕುತ್ತದೆ, ಮೆದುಳು ಅದನ್ನು 'ತಂಪು ಗಾಳಿ ಬರುತ್ತಿದೆ' ಎಂದು ಓದುತ್ತದೆ. ಅಳೆದು ನೋಡಿದರೆ ಗಾಳಿಯ ದಾರಿ ಮೊದಲಿದ್ದಷ್ಟೇ ಇರುತ್ತದೆ. ನಾವು ಚಿಕ್ಕಂದಿನಿಂದ ಎದೆಗೆ, ಮೂಗಿಗೆ ಹಚ್ಚಿಸಿಕೊಂಡ ವಿಕ್ಸಿನ ಸುಖವೂ ಇದೇ. ಸುಖ ಸುಳ್ಳೆಂದು ನಾನು ಹೇಳುವುದಿಲ್ಲ, ನಿದ್ದೆ ಬರಿಸುವ ಸುಖಕ್ಕೆ ಬೆಲೆಯಿದೆ. ಆದರೆ ಎರಡು ಪಟ್ಟಿಗಳನ್ನು ಹೋಲಿಸುವಾಗ ಒಂದಕ್ಕೆ ಪರಿಮಳವಿದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಆ ತೂಕ ಸರಿಯಾಗದು. ಸಂಶೋಧಕರಿಗೂ ಈ ತೊಡಕು ತಪ್ಪಿದ್ದಲ್ಲ. ಮೂಗಿನ ಮೇಲೆ ಏನೋ ಎಳೆಯುತ್ತಿದೆ ಎಂಬುದು ಹಚ್ಚಿಕೊಂಡವರಿಗೆ ಗೊತ್ತಾಗುವುದರಿಂದ, ನಿಜವಾದ ಪಟ್ಟಿಯನ್ನೂ ಬರೀ ಅಂಟಿನ ಪಟ್ಟಿಯನ್ನೂ ಅವರಿಗೆ ತಿಳಿಯದಂತೆ ಕೊಟ್ಟು ಪರೀಕ್ಷಿಸುವುದು ಕಷ್ಟ.

ಈ ಪಟ್ಟಿಯಿಂದ ಆಗದ್ದು ಒಂದಿದೆ, ಅದನ್ನು ಒತ್ತಿ ಹೇಳಬೇಕು. ಗೊರಕೆ ಜೋರಾಗಿದ್ದು, ನಡುನಡುವೆ ಉಸಿರೇ ನಿಂತಂತಾಗಿ ಗಕ್ಕನೆ ಮರಳುತ್ತಿದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಅಲ್ಲಿ ದಾರಿ ಮುಚ್ಚುವುದು ಗಂಟಲಲ್ಲಿ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯೊಂದು ಮೂಗನ್ನು ಹಿಗ್ಗಿಸುವ ಸಾಧನಗಳಿಂದ ಆಪ್ನಿಯಾ ಸುಧಾರಿಸುವುದಿಲ್ಲ ಎಂದು ಕಂಡುಕೊಂಡಿತು. ಮನೆಯಲ್ಲಿ ಯಾರಾದರೂ ಹಾಗೆ ಮಲಗುತ್ತಿದ್ದರೆ ದಯವಿಟ್ಟು ವೈದ್ಯರಿಗೆ ತೋರಿಸಿ. ಐದು ವರ್ಷದೊಳಗಿನ ಮಕ್ಕಳಿಗೂ, ಗಾಯವಾದ ಅಥವಾ ಬಿಸಿಲಿಗೆ ಸುಟ್ಟ ಚರ್ಮಕ್ಕೂ ಪಟ್ಟಿ ಬೇಡ. ಕೀಳುವ ಮೊದಲು ಬಿಸಿನೀರಿನಿಂದ ನೆನೆಸಿ, ಎರಡೂ ತುದಿಯಿಂದ ಮಧ್ಯಕ್ಕೆ ಬಿಡಿಸಿ. ನಾನು ಕಲಿತದ್ದು ಚರ್ಮ ಸುಲಿದ ಮೇಲೆ.

ಹಾಗಾದರೆ ಅಲರ್ಜಿಗೆ ಹಣ ಎಲ್ಲಿ ಹಾಕಬೇಕು? ಆ ಇಡೀ ಸಾಲಿನಲ್ಲಿ ನನ್ನ ಮೂಗಿನ ಊತವನ್ನೇ ಇಳಿಸಿದ್ದು ಸ್ಟೀರಾಯ್ಡ್ ಸ್ಪ್ರೇ. ಫ್ಲುಟಿಕಾಸೋನ್, ಟ್ರಯಾಮ್ಸಿನೊಲೋನ್‌ಗಳು ಅಮೆರಿಕದಲ್ಲಿ ಒಂದು ಕಾಲಕ್ಕೆ ವೈದ್ಯರ ಚೀಟಿ ಬೇಡುತ್ತಿದ್ದವು. 2013-14ರ ನಂತರ ಅರೆಯ ಮೇಲೇ ಸಿಗುತ್ತಿವೆ, ಅಂಗಡಿ ಬ್ರಾಂಡಿನಲ್ಲೂ ಇವೆ. ಮೂಗು ಕಟ್ಟುವುದೇ ಮುಖ್ಯ ಬಾಧೆಯಾದ ಅಲರ್ಜಿಗೆ ಮಾತ್ರೆಗಿಂತ ಇದು ಮೇಲೆಂದು ತಜ್ಞರ ಮಾರ್ಗಸೂಚಿಗಳು ಹೇಳುತ್ತವೆ. ಪೂರ್ತಿ ಗುಣ ಕಾಣಲು ಕೆಲವು ದಿನ ಬೇಕು, ದಿನವೂ ಹಾಕಬೇಕು, ಮೂತಿಯನ್ನು ನಡುಗೋಡೆಗೆ ಗುರಿಯಿಡದೆ ಕಿವಿಯ ಕಡೆಗೆ ವಾಲಿಸಬೇಕು. ಕೂಡಲೇ ಮೂಗು ಬಿಡಿಸುವ ಆಕ್ಸಿಮೆಟಜೋಲಿನ್, ಜೈಲೊಮೆಟಜೋಲಿನ್ ಹನಿಗಳು ಬೇರೆ ಜಾತಿಯವು. ಅವನ್ನು ಮೂರು ದಿನಕ್ಕಿಂತ ಹೆಚ್ಚು ಎಳೆದರೆ ಹನಿ ಬಿಟ್ಟೊಡನೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ನಮ್ಮ ಊರುಗಳಲ್ಲಿ ವರ್ಷಗಟ್ಟಲೆ ಆ ಬಾಟಲಿ ಜೇಬಿನಲ್ಲಿಟ್ಟುಕೊಂಡು ತಿರುಗುವವರನ್ನು ನೋಡಿದ್ದೇನೆ. ಅಂಥವರಿಗೆ ಆ ಚಟದಿಂದ ಬಿಡಿಸಿಕೊಳ್ಳುವ ರಾತ್ರಿಗಳಲ್ಲಿ ಔಷಧವಿಲ್ಲದ ಈ ಪಟ್ಟಿ ಒಳ್ಳೆಯ ಆಸರೆಯಾದೀತು.

ಕೊಳ್ಳಬಾರದ ಒಂದು ವಸ್ತುವೂ ಅದೇ ಸಾಲಿನಲ್ಲಿದೆ. ಮೂಗು ಬಿಡಿಸುತ್ತದೆಂದು ಬಾಯಿಗೆ ಹಾಕುವ ಫಿನೈಲೆಫ್ರಿನ್ ಮಾತ್ರೆಗಳು. 2023ರ ಸೆಪ್ಟೆಂಬರಿನಲ್ಲಿ ಎಫ್‌ಡಿಎ ಸಲಹಾ ಸಮಿತಿಯ 16 ಸದಸ್ಯರೂ ಅದು ಪರಿಣಾಮಕಾರಿಯಲ್ಲ ಎಂದು ಒಮ್ಮತದಿಂದ ಮತ ಹಾಕಿದರು. 2024ರ ನವೆಂಬರಿನಲ್ಲಿ ಸಂಸ್ಥೆ ಅದನ್ನು ವೈದ್ಯರ ಚೀಟಿಯಿಲ್ಲದೆ ಮಾರಬಹುದಾದ ಔಷಧಗಳ ಯಾದಿಯಿಂದ ಕೈಬಿಡುವ ಪ್ರಸ್ತಾವ ಹೊರಡಿಸಿತು. ಇಲ್ಲಿ ಅಂಗಡಿ ಬ್ರಾಂಡಿಗೂ ಹೆಸರಾಂತ ಬ್ರಾಂಡಿಗೂ ಸಮಾನತೆ ಪೂರ್ತಿಯಾಗಿದೆ, ಎರಡರಿಂದಲೂ ಮೂಗು ಬಿಡದು.

ಅದರ ಪಕ್ಕದಲ್ಲಿ ನೇತಿ ಪಾಟ್ ಎಂಬ ಹೆಸರಿನಲ್ಲಿ ನಮ್ಮ ಜಲನೇತಿಯ ಗಿಂಡಿಯೂ ಇತ್ತು. ಪರಾಗವನ್ನು ತೊಳೆದು ಹಾಕಲು ಅದಕ್ಕಿಂತ ಸರಳವಾದದ್ದಿಲ್ಲ. ಕಾಯಿಸಿ ಆರಿಸಿದ ಅಥವಾ ಡಿಸ್ಟಿಲ್ಡ್ ನೀರನ್ನೇ ಬಳಸಬೇಕು. ನಲ್ಲಿ ನೀರಿನಲ್ಲಿ ಅಪರೂಪಕ್ಕೆ ಇರಬಹುದಾದ ಅಮೀಬಾ ಮೂಗಿನಿಂದ ಮೆದುಳು ಸೇರಿದರೆ ಪ್ರಾಣಕ್ಕೇ ಅಪಾಯ. ಸಂಜೆ ವಾಕಿಂಗ್ ಮುಗಿಸಿ ಬಂದು ಬಟ್ಟೆ ಬದಲಿಸಿ, ಉಪ್ಪುನೀರಿನಿಂದ ಮೂಗು ತೊಳೆದು, ಸ್ಪ್ರೇ ಹಾಕಿ, ಕೊನೆಗೆ ಪಟ್ಟಿ. ಈ ಕ್ರಮಕ್ಕೆ ಬಂದ ಎರಡನೇ ವಾರಕ್ಕೆ ನಾನು ರಾತ್ರಿ ಏಳುವುದು ನಿಂತಿತು. ಯಾವುದರಿಂದ ಎಷ್ಟು ಗುಣವಾಯಿತೆಂದು ಮಗಳ ಕ್ಯಾಲೆಂಡರು ಬೇರ್ಪಡಿಸಿ ಹೇಳಲಾರದು. ಆದರೆ ಸ್ಪ್ರೇ ಹಿಡಿದ ಮೇಲೆ ಒಂದು ರಾತ್ರಿ ಪಟ್ಟಿ ಮರೆತು ಮಲಗಿದ್ದೆ, ಬೆಳಿಗ್ಗೆಯವರೆಗೆ ಎಚ್ಚರವಾಗಿರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಊರಿಗೆ ಹೊರಟೆ. ಉಳಿದ ಹೆಸರಾಂತ ಪಟ್ಟಿಗಳನ್ನು ಅಳಿಯನಿಗೆ ಬಿಟ್ಟು, ಅಂಗಡಿ ಬ್ರಾಂಡಿನ ಡಬ್ಬಿಯನ್ನು ಸೂಟ್‌ಕೇಸಿನ ಸಂದಿಗೆ ತುರುಕಿಕೊಂಡೆ. ಬೆಂಗಳೂರಿನಲ್ಲಿ ಹಿಂಗಾರು ಶುರುವಾಗಿತ್ತು, ಮನೆಯ ಎದುರಿನ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಮೊಣಕಾಲುದ್ದ ಬೆಳೆದಿತ್ತು. ಎಲೆಗಳ ಮೇಲೆ ಅಲ್ಲಲ್ಲಿ ತೂತು. ಈ ಗಿಡವನ್ನು ತಿನ್ನಲೆಂದು ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಇದೇ ಊರಿನಲ್ಲಿ ಬಿಟ್ಟ ಪಟ್ಟೆ ಬೆನ್ನಿನ ದುಂಬಿಯ ಸಂತತಿ ಇನ್ನೂ ಕೆಲಸ ಮಾಡುತ್ತಿದೆ. ಅದೊಂದಕ್ಕೇ ಮುಗಿಯುವ ಕೆಲಸವಲ್ಲವೆಂದು, ಮಾರನೇ ಭಾನುವಾರ ಅಕ್ಕಪಕ್ಕದ ನಾಲ್ಕು ಮನೆಯವರು ಕೈಗೆ ಗ್ಲೌಸು ಹಾಕಿ, ಮೂಗಿಗೆ ಮಾಸ್ಕು ಕಟ್ಟಿ ಇಳಿದೆವು. ಮಳೆಗೆ ನೆಲ ಮೆದುವಾಗಿತ್ತು, ಗಿಡಗಳು ಬೇರುಸಮೇತ ಬಂದವು. ಹೂ ಇನ್ನೂ ಬಿಟ್ಟಿರಲಿಲ್ಲ. ಪಟ್ಟಿಯ ಡಬ್ಬಿ ಬೀರುವಿನಲ್ಲಿದೆ, ಅದರಲ್ಲಿ ಒಂಬತ್ತು ಉಳಿದಿವೆ.